ದೊರಸಾನಿ ಚೆರುವಿನ ಗುಂಪು ಚಟುವಟಿಕೆ: ಶಿಕ್ಷಕಿ ಸುವರ್ಣಾ ಅವರ ಹೇಳಿಕೆ

ನನ್ನ ಹೆಸರು ಸುವರ್ಣಾ, ಗಂಡ ಮಹೇಶಕುಮಾರ, ವಯಸ್ಸು 38 ವರ್ಷ, ಉದ್ಯೋಗ ಮಂಜಿರಾತೀರ ವಿದ್ಯಾಲಯವೆಂಬ ಕನ್ನಡ ಮಾಧ್ಯಮ ಶಾಲೆಯಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ, ಸ್ವಂತ ಊರು ಬೀದರ್ ಜಿಲ್ಲೆಯ ಹುಮನಾಬಾದ್, ಸದ್ಯ ವಾಸ ಲಿಂಗಂಪಲ್ಲಿ ರೈಲು ನಿಲ್ದಾಣದ ಹಿಂಭಾಗ, ಹೈದರಾಬಾದ್. ನನಗೆ ತೆಲುಗು ಮಾತನಾಡಲು ಬರುತ್ತದೆ, ಬರೆಯಲು ಬಾರದು. ಆದ್ದರಿಂದ ಈ ಠಾಣೆಯ ಹೆಡ್ ಕಾನ್‌ಸ್ಟೇಬಲ್ ಹಣಮಂತರಾಯರು, ಗಡಿಯ ನಾರಾಯಣಖೇಡ ಕಡೆಯವರು, ಕನ್ನಡ ಬಲ್ಲವರು, ನಾನು ಹೇಳಿದಂತೆ ಕನ್ನಡದಲ್ಲಿ ಬರೆದುಕೊಳ್ಳುತ್ತಿದ್ದಾರೆ. ನನ್ನ ವಿದ್ಯಾರ್ಥಿನಿ ನಿರೀಕ್ಷಾ, ತಂದೆ ಜಯತೀರ್ಥ, ವಯಸ್ಸು 14, ಈಕೆಯ ಸಾವಿನ ವಿಷಯದಲ್ಲಿ ನಾನು ಕಂಡದ್ದನ್ನೂ ಕೇಳಿದ್ದನ್ನೂ ಈ ಮೂಲಕ ತಿಳಿಸುವುದೇನೆಂದರೆ:

ನಾನು ಒಂಬತ್ತನೇ ತರಗತಿಗೆ ಪಾಠ ಮಾಡುತ್ತೇನೆ. ಶಾಲೆಯಲ್ಲಿ ಕಂಪ್ಯೂಟರ್‌ಗಳು ಕಡಿಮೆ ಇರುವುದರಿಂದ ಒಂದೊಂದಕ್ಕೆ ನಾಲ್ಕು ಮಕ್ಕಳನ್ನು ಕೂರಿಸಿ, ಇಂಟರ್‌ನೆಟ್‌ನಲ್ಲಿ ಹುಡುಕಿ ಉತ್ತರ ಕಂಡುಕೊಳ್ಳುವ ಗುಂಪು ಚಟುವಟಿಕೆ ಮಾಡಿಸುತ್ತಿದ್ದೆ. ಪ್ರಶ್ನೆಗಳನ್ನೂ, ನೋಡಬೇಕಾದ ಜಾಲತಾಣಗಳನ್ನೂ ಒಂದು ಪುಟದಲ್ಲಿ ನಾನೇ ಸಿದ್ಧಪಡಿಸಿ ಶಾಲೆಯ ಜಾಲತಾಣದಲ್ಲಿ ಹಾಕಿದ್ದೆ. ವಿಷಯ, ನಮ್ಮ ಸುತ್ತಲಿನ ಕೆರೆಗಳು. ಗುಂಪಿನಲ್ಲಿ ಒಬ್ಬರು ಹುಡುಕಬೇಕು, ಒಬ್ಬರು ಬರೆಯಬೇಕು, ಒಬ್ಬರು ಚಿತ್ರಗಳನ್ನು ಕೂಡಿಸಬೇಕು, ಒಬ್ಬರು ಸರಿಯೋ ತಪ್ಪೋ ಪರಿಶೀಲಿಸಬೇಕು.

ದೊರಸಾನಿ ಚೆರುವು ಎಂಬ ಕೆರೆ ಬಂದದ್ದು ಸೂರಜ್, ಪಿಂಕಿ, ಕೌಸ್ತುಭ ಮತ್ತು ನಿರೀಕ್ಷಾ ಇವರ ಗುಂಪಿಗೆ. ಪರಿಶೀಲಿಸುವ ಕೆಲಸ ನಿರೀಕ್ಷಾಳದು. ಆಕೆಯ ತಂದೆ ಕೇಂದ್ರ ಸರಕಾರದ ಕಾರ್ಖಾನೆಯೊಂದರ ನೌಕರರು, ರಾಯಚೂರಿನಿಂದ ವರ್ಗವಾಗಿ ಬಂದವರು. ಜೂನ್‌ನಲ್ಲಿ ಶಾಲೆ ಸೇರಿದಾಗಿನಿಂದ ಆ ಹುಡುಗಿ ಹಾಜರಿ ಹೇಳುವುದಕ್ಕೆ ಬಿಟ್ಟರೆ ಬಾಯಿ ತೆರೆದಿರಲಿಲ್ಲ. ಊಟದ ಹೊತ್ತಿನಲ್ಲಿ ಡಬ್ಬಿ ಹಿಡಿದುಕೊಂಡು ಮೆಟ್ಟಿಲ ಮೇಲೆ ಒಬ್ಬಳೇ ಕೂರುತ್ತಿದ್ದಳು. ಮಾತು ಕಲಿಯಲಿ ಎಂದೇ ನಾನು ಆಕೆಯನ್ನು ಗದ್ದಲದ ಗುಂಪಿಗೆ ಹಾಕಿದ್ದೆ.

ದಿನಾಂಕ 14-8-2025ರ ಗುರುವಾರ ಮೂರನೇ ಪಿರಿಯಡ್‌ನಲ್ಲಿ ಆ ಗುಂಪಿನಲ್ಲಿ ಜಗಳವಾಯಿತು. ಒಂದು ಜಾಲತಾಣದ ನಕ್ಷೆಯಲ್ಲಿ ಕೆರೆ ಇತ್ತು. ಇನ್ನೊಂದರಲ್ಲಿ ಅದೇ ಜಾಗದಲ್ಲಿ ಕೆರೆ ಇರಲಿಲ್ಲ, ಬರೀ ನಿವೇಶನಗಳಿದ್ದವು. ಹೊಸ ನಕ್ಷೆಯನ್ನೇ ಬರೆದು ಮುಗಿಸೋಣ ಎಂದು ಸೂರಜ್ ಹೇಳಿದನು. ಆಗ ನಿರೀಕ್ಷಾ ಎದ್ದು ನಿಂತು ಇಡೀ ತರಗತಿಗೆ ಕೇಳುವಂತೆ, "ಹೊಸಾದು ಅಂದ್ರ ಖರೇನೇ ಇರತೈತೇನು? ನೋಡಲಾರದ ಹೆಂಗ ಬರೀತಿ?" ಎಂದಳು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಎರಡು ಕಡೆಯ ಮಾಹಿತಿ ಹೊಂದದಿದ್ದರೆ ಯಾವುದು ನಿಜವೆಂದು ಗುಂಪಿನವರೇ ಕಂಡುಹಿಡಿಯಬೇಕು ಎಂದು ನನ್ನ ಪುಟದಲ್ಲಿ ಬರೆದಿತ್ತು. ಹೇಗೆ ಕಂಡುಹಿಡಿಯಬೇಕೆಂದು ನಾನು ಬರೆದಿರಲಿಲ್ಲ. ಹೊರಗೆ ಹೋಗಬೇಡಿ ಎಂದೂ ಹೇಳಿರಲಿಲ್ಲ.

ದಿನಾಂಕ 17-8-2025ರ ಭಾನುವಾರ ಬೆಳಿಗ್ಗೆ ನಾನು ಲಿಂಗಂಪಲ್ಲಿ ಮಾರುಕಟ್ಟೆಯಲ್ಲಿ ತರಕಾರಿ ಕೊಳ್ಳುತ್ತಿದ್ದೆ. ಸುಮಾರು 10-20ಕ್ಕೆ ಪಿಂಕಿಯ ಫೋನ್ ಬಂತು. ಮೊದಲು ಬರೀ ಉಸಿರು ಕೇಳಿಸಿತು. ನಂತರ, "ಟೀಚರ್, ನಿರೀಕ್ಷಾ ನೀರಾಗ ಬಿದ್ದಾಳ್ರೀ, ಕಾಣಾಕತ್ತಿಲ್ರೀ" ಎಂದಳು. ಎಲ್ಲಿ ಎಂದು ಕೇಳಿದ್ದಕ್ಕೆ ಚೆರುವಿನ ಹತ್ತಿರ ಎಂದಳು. ನಾನು 100ಕ್ಕೆ ಫೋನ್ ಮಾಡಿ ಆಟೋ ಹಿಡಿದೆ. ದಾರಿ ಎರಡೂವರೆ ಕಿಲೋಮೀಟರ್. ಆಟೋದವನು ರಸ್ತೆಯ ತಗ್ಗುಗಳನ್ನು ತಪ್ಪಿಸಿ ನಿಧಾನವಾಗಿ ಓಡಿಸುತ್ತಿದ್ದನು. ಅವನ ಮೇಲೆ ಕೂಗಾಡಿದೆ.

ಆ ಜಾಗಕ್ಕೆ ತಗಡಿನ ಬೇಲಿ ಇದೆ. ಒಂದು ಕಡೆ ತಗಡು ಕಿತ್ತುಹೋಗಿ ಮನುಷ್ಯ ನುಸುಳುವಷ್ಟು ಸಂದು ಇದೆ. ಅಪಾಯವೆಂಬ ಫಲಕ ಇರಲಿಲ್ಲ. ಒಳಗೆ ಕಟ್ಟಡದ ತಳಪಾಯಕ್ಕೆ ತೋಡಿದ ದೊಡ್ಡ ಗುಂಡಿಯಲ್ಲಿ ಮಳೆನೀರು ನಿಂತಿತ್ತು. ಕೆರೆ ಎನ್ನುವಂಥದ್ದು ಏನೂ ಇರಲಿಲ್ಲ. ಸೂರಜ್, ಪಿಂಕಿ, ಕೌಸ್ತುಭ ಮೂವರೂ ಕುತ್ತಿಗೆಯವರೆಗೆ ಕೆಸರಾಗಿ ದಂಡೆಯ ಮೇಲೆ ಕುಳಿತಿದ್ದರು. ಯಾರೂ ಅಳುತ್ತಿರಲಿಲ್ಲ. ಕಾವಲುಗಾರನೊಬ್ಬ ಬಿದಿರು ಗಳದಿಂದ ನೀರನ್ನು ತಡಕಾಡುತ್ತಿದ್ದನು. ನನಗೆ ಈಜು ಬಾರದು. ಆದರೂ ಇಳಿದೆ. ಸೊಂಟದವರೆಗೆ ಹೋದಾಗ ಕಾಲ ಕೆಳಗೆ ನೆಲ ಸಿಗಲಿಲ್ಲ. ಕಾವಲುಗಾರ ನನ್ನನ್ನು ಹಿಡಿದು ಎಳೆದನು.

ಮಕ್ಕಳು ಹೇಳಿದ್ದು ಹೀಗೆ. ಯಾವ ನಕ್ಷೆ ನಿಜವೆಂದು ಕಣ್ಣಾರೆ ನೋಡಲು ನಾಲ್ವರೂ ಅಲ್ಲಿಗೆ ಹೋಗಿದ್ದರು. ಗುಂಡಿಯ ಅಂಚಿನಲ್ಲಿ ಹಳೆಯ ಕೆರೆಯ ಗಡಿಕಲ್ಲು ಒಂದು ವಾಲಿಕೊಂಡು ಉಳಿದಿತ್ತು. ಅದನ್ನು ಕಂಡು ನಿರೀಕ್ಷಾ ಕುಣಿದಾಡಿದಳು. ಕೆರೆ ಇತ್ತು ಎಂಬುದಕ್ಕೆ ಸಾಕ್ಷಿ ಸಿಕ್ಕಿತು ಎಂದು ಫೋಟೊ ತೆಗೆಯಲು ಸೂರಜನ ಫೋನ್ ಇಸಿದುಕೊಂಡು ಹತ್ತಿರ ಹೋದಳು. ಹಸಿ ಮಣ್ಣು ಕುಸಿದು ಕಲ್ಲಿನ ಸಮೇತ ಒಳಗೆ ಹೋದಳು. ಪಿಂಕಿ ದಂಡೆಯಲ್ಲಿದ್ದ ಕಬ್ಬಿಣದ ಸರಳನ್ನು ಒಂದು ಕೈಯಲ್ಲಿ ಹಿಡಿದಳು. ಇನ್ನೊಂದು ಕೈಯನ್ನು ಸೂರಜ್ ಹಿಡಿದನು. ಸೂರಜನ ಕೈ ಹಿಡಿದು ಕೌಸ್ತುಭ ನೀರಿಗಿಳಿದನು. ನಿರೀಕ್ಷಾಳ ಕೈ ಸಿಕ್ಕಿತ್ತು. ಆಕೆಯ ಮುಖ ನೀರಿನ ಮೇಲೆ ಬಂದಿತ್ತು. ಎಳೆಯುವಾಗ ಎಲ್ಲೋ ಒಂದು ಹಿಡಿತ ಬಿಟ್ಟಿತು. ಎಲ್ಲರೂ ಜಾರಿಬಿದ್ದರು. ಮೂವರು ಮೇಲೆ ಬಂದರು. ಪಿಂಕಿ ಕಾವಲುಗಾರನ ಫೋನಿನಿಂದ ನನಗೆ ಕರೆ ಮಾಡಿದಳು.

ಅಗ್ನಿಶಾಮಕದವರು 11-50ಕ್ಕೆ ದೇಹವನ್ನು ಹೊರತೆಗೆದರು. ಗುರುತಿಸಿದವಳು ನಾನೇ. ಆಸ್ಪತ್ರೆಯ ಶವಾಗಾರದ ಹೊರಗೆ ನಿರೀಕ್ಷಾಳ ತಾಯಿ ಸುಭದ್ರಾ ನನ್ನನ್ನು ನೋಡಿ ಮುಖ ತಿರುಗಿಸಿದರು. ತಂದೆ ಜಯತೀರ್ಥ ಅವರು ಬಯ್ಯುತ್ತಾರೆ ಎಂದುಕೊಂಡಿದ್ದೆ. ಅವರು, "ಗುರುವಾರ ಮನಿಗೆ ಬಂದು ಭಾಳ ಮಾತಾಡಿದ್ಲರಿ ಟೀಚರ್. ಅಪ್ಪಾ, ನನಗ ದೋಸ್ತರು ಸಿಕ್ಕಾರ ಅಂದ್ಲು" ಎಂದು ಹೇಳಿ ಗೋಡೆಗೆ ಒರಗಿ ಕುಳಿತರು.

ದಿನಾಂಕ 18ರ ಸೋಮವಾರ ಮುಖ್ಯೋಪಾಧ್ಯಾಯಿನಿ ಉಮಾಶ್ರೀ ಅವರು ನನ್ನನ್ನು ಕರೆಸಿದರು. ಅಷ್ಟರಲ್ಲಿ ನನ್ನ ಪುಟವನ್ನು ಜಾಲತಾಣದಿಂದ ತೆಗೆಸಿದ್ದರು. ಇಂಥ ಚಟುವಟಿಕೆ ಶಾಲೆಯಲ್ಲಿ ನಡೆದೇ ಇಲ್ಲವೆಂದೂ, ಸೂರಜನೇ ಮುಂದಾಳಾಗಿ ಉಳಿದವರನ್ನು ಕರೆದುಕೊಂಡು ಹೋದನೆಂದೂ ಹೇಳಿಕೆ ಕೊಡಬೇಕೆಂದು ಸೂಚಿಸಿದರು. ಸೂರಜನ ತಂದೆ ಸೂಗಪ್ಪ ಆಟೋ ಓಡಿಸುವವರು, ಕೇಳಲು ಬರುವವರಲ್ಲ ಎಂದೂ ಅಂದರು. ನಾನು ಒಪ್ಪಲಿಲ್ಲ. ಚಟುವಟಿಕೆ ನಡೆದದ್ದು ನಿಜ, ಮಾಡಿಸಿದವಳು ನಾನು. ಯಾರೂ ಯಾರನ್ನೂ ಕರೆದೊಯ್ಯಲಿಲ್ಲ, ನಾಲ್ವರೂ ಕೂಡಿ ಹೋದರು. ಮಂಗಳವಾರದಿಂದ ಶಾಲೆಗೆ ಬರಬೇಡಿರೆಂದು ನನಗೆ ತಿಳಿಸಲಾಗಿದೆ.

ಯಾರ ಕೈ ಬಿಟ್ಟಿತು ಎಂದು ಸಬ್ ಇನ್‌ಸ್ಪೆಕ್ಟರ್ ಸಾಹೇಬರು ನನ್ನನ್ನು ಕೇಳಿದ್ದಾರೆ. ಅದಕ್ಕೆ ಉತ್ತರ: ನಿನ್ನೆ ಮಂಗಳವಾರ ಮಕ್ಕಳು ಒಬ್ಬೊಬ್ಬರಾಗಿ ನನ್ನ ಮನೆಗೆ ಬಂದಿದ್ದರು. ಈಗ ಅವರು ಪರಸ್ಪರ ಮಾತನಾಡುತ್ತಿಲ್ಲ. ಮೊದಲು ಬಂದ ಸೂರಜ್, ಬಿಟ್ಟದ್ದು ತನ್ನ ಕೈಯೇ ಎಂದನು. ಮಧ್ಯಾಹ್ನ ಕೌಸ್ತುಭ ಬಂದು ತನ್ನ ಕೈ ಎಂದನು. ಇಬ್ಬರಿಗೂ, ನಿನ್ನದಲ್ಲಪ್ಪಾ ಎಂದು ಹೇಳಿ ಕಳಿಸಿದೆ. ಸಂಜೆ ಪಿಂಕಿ ಬಂದಳು. ಒಳಗೆ ಬಾ ಎಂದರೂ ಬಾರದೆ ಹೊಸ್ತಿಲಲ್ಲೇ ನಿಂತು, "ನನ್ನ ಕೈನೇ ಬಿಟ್ಟಿದ್ದು ಟೀಚರ್" ಎಂದಳು. ಆಕೆಗೂ ನಿನ್ನದಲ್ಲ ಎಂದೆ. ಪಿಂಕಿ, "ನಂದಲ್ಲಂದ್ರ ಅವರಿಬ್ಬರಾಗ ಯಾರ್ದೋ ಆಗತೈತಲ್ರೀ. ಬ್ಯಾಡ್ರೀ ಟೀಚರ್, ನಂದೇ ಅಂತ ಬರಸ್ರಿ" ಎಂದು ಹೇಳಿ ಹೊರಟುಹೋದಳು.

ನಾನು ಹೇಳಿದ್ದೆಲ್ಲ ನನ್ನ ಅರಿವಿಗೆ ಬಂದಷ್ಟು ಸತ್ಯ. ಹಣಮಂತರಾಯರು ಓದಿ ಹೇಳಿದರು, ಕೇಳಿ ಸರಿಯಿದೆ ಎಂದು ಒಪ್ಪಿ ಸಹಿ ಮಾಡಿರುತ್ತೇನೆ.

ಸ್ಥಳ: ಲಿಂಗಂಪಲ್ಲಿ, ಹೈದರಾಬಾದ್
ದಿನಾಂಕ: 20-8-2025
ಸಹಿ: ಸುವರ್ಣಾ