ಹಮಾಮಿನ ಒಲೆಬಾಯಿಯ ಮೇಲೆ ಕಂಡ ಬಿಳಿ ಗೆರೆಗಳ ಬಗ್ಗೆ

ಹೆಸರು ತುಷಾರ್ ಮೆಂಡನ್, ತಂದೆ ದಿವಂಗತ ರುಕ್ಕಯ, ವಯಸ್ಸು 22 ವರ್ಷ. ಉದ್ಯೋಗ ಕಿರಾಣಿ ಅಂಗಡಿಯ ಗಾಡಿ ಚಾಲಕ. ಊರಿನ ವಿಳಾಸ ಉಡುಪಿ ಜಿಲ್ಲೆ, ಕಾಪು ತಾಲೂಕು, ಎರ್ಮಾಳು ತೆಂಕ ಗ್ರಾಮ. ಈಗಿನ ವಾಸ ಅರಬ್ ದೇಶದ ತಬೂಕ್ ನಗರದಲ್ಲಿ ಅದೇ ಅಂಗಡಿಯ ಹಿಂದಿನ ಕೋಣೆ. ವಿದ್ಯಾಭ್ಯಾಸ ಒಂಬತ್ತನೇ ತರಗತಿ.

ಈ ಹೇಳಿಕೆಯಿಂದ ತಮಗೆ ತಿಳಿಸುವುದೇನೆಂದರೆ, ವಿದ್ಯಾಭ್ಯಾಸದ ಸಂಗತಿಯನ್ನು ನಾನು ಈವರೆಗೆ ಮರೆಮಾಡಿದ್ದೆ. ಏಜೆಂಟರು ನನ್ನನ್ನು ಪಿಯುಸಿ ಪಾಸ್ ಎಂದು ಬರೆಸಿದ್ದರು. ಸುಳ್ಳು ಬರೆದದ್ದು ಅವರು, ತಿದ್ದದೆ ಸುಮ್ಮನಿದ್ದದ್ದು ನಾನು. ನಿನ್ನೆಯ ವಿಷಯದಲ್ಲಿ ನಿಜ ಹೇಳಲು ಬಂದವನು ಮೊದಲ ಸಾಲಿನಲ್ಲೇ ಸುಳ್ಳು ಬರೆಸಬಾರದೆಂದು ಇದನ್ನು ತಿಳಿಸಿದ್ದೇನೆ. ನನಗೆ ಅರಬ್ಬಿ ಮಾತನಾಡಲು ಅಲ್ಪಸ್ವಲ್ಪ ಬರುತ್ತದೆ, ಬರೆಯಲು ಬರುವುದಿಲ್ಲ. ಆದ್ದರಿಂದ ಕನ್ನಡದಲ್ಲಿ ಬರೆದು ಕೊಡುತ್ತಿದ್ದೇನೆ. ಭಾಷಾಂತರಕ್ಕೆ ಬಂದಿರುವ ಬಂಟ್ವಾಳದ ಅಬ್ದುಲ್ ಖಾದಿರ್ ಅವರು ಇದನ್ನು ಅರಬ್ಬಿಗೆ ಮಾಡಿ ಕೊಡುತ್ತಾರೆ.

ನಾನು ಕೆಲಸ ಮಾಡುವ ಅಂಗಡಿಯನ್ನು ನೋಡಿಕೊಳ್ಳುವವರು ಉಚ್ಚಿಲದ ಕಲಂದರ್, ವಯಸ್ಸು 52. ಅವರನ್ನು ನಾನು ಕಲಂದರಾಕ ಎಂದು ಕರೆಯುತ್ತೇನೆ. ಅವರ ಹೆಂಡತಿ ಖದೀಜತ್. ನಮ್ಮ ಅಂಗಡಿಗೆ ಬರುವ ಅಕ್ಷಿತಾ ಎಂಬವರು ಇಲ್ಲಿ ಸ್ಟಾಫ್ ನರ್ಸ್ ಆಗಿದ್ದಾರೆ. ಅವರ ತಾಯಿ ಮೋಹಿನಿ, ವಯಸ್ಸು 64, ಮಗಳನ್ನು ನೋಡಲು ವಿಸಿಟ್ ವೀಸಾದಲ್ಲಿ ಬಂದವರು. ಅವರ ವಾಪಸ್ ಟಿಕೆಟ್ ಇದೇ ಮಂಗಳವಾರಕ್ಕೆ ಆಗಿದೆ. ಹೋಗುವ ಮೊದಲು ಏನಾದರೂ ತೋರಿಸಬೇಕೆಂದು ಅಕ್ಷಿತಾ ಕೇಳಿದ್ದರಿಂದ ಕಲಂದರಾಕ ಶನಿವಾರ ಮಧ್ಯಾಹ್ನ ಅಂಗಡಿಯ ಗಾಡಿ ತೆಗೆಸಿದರು. ಅಕ್ಷಿತಾರ ಗಂಡನಿಗೆ ಆ ದಿನ ಡ್ಯೂಟಿ ಇತ್ತು. ಒಟ್ಟು ಐದು ಜನ ಹೊರಟೆವು.

ದಿನಾಂಕ 11.11.2023ರಂದು ಮಧ್ಯಾಹ್ನ 1.30ಕ್ಕೆ ತಬೂಕ್ ಬಿಟ್ಟು 84 ಕಿ.ಮೀ. ಸಾಗಿ 2.40ಕ್ಕೆ ಆ ಜಾಗಕ್ಕೆ ತಲುಪಿದೆವು. ಅಲ್ಲಿ ತಂತಿ ಬೇಲಿಯೊಳಗೆ ಹಳೆಯ ಕಟ್ಟಡದ ಅವಶೇಷವಿದೆ. ಗೇಟಿನ ಹತ್ತಿರ ಕಾವಲುಗಾರರ ಕೋಣೆ. ಅವರು ನಮ್ಮನ್ನು ನೋಡಿ ಒಳಗೆ ಬಿಟ್ಟರು, ಕಲ್ಲು ಮುಟ್ಟಬೇಡಿ ಎಂದು ಕೈಯಲ್ಲಿ ಸನ್ನೆ ಮಾಡಿದರು. ಈ ಸನ್ನೆಯನ್ನು ನಾನು ಕಂಡಿದ್ದೇನೆ. ಮೋಹಿನಿಯವರು ಆಗ ಗಾಡಿಯಿಂದ ಇಳಿಯುತ್ತಿದ್ದರು, ಅವರು ಕಂಡರೋ ಇಲ್ಲವೋ ಗೊತ್ತಿಲ್ಲ.

ಒಳಗೆ ನೆಟ್ಟಿದ್ದ ಬೋರ್ಡಿನ ಮುಂದೆ ಕಲಂದರಾಕ ನನಗೆ, ನೀನು ಪಿಯುಸಿಯವನಲ್ಲವಾ, ಓದಿ ಹೇಳು ನೋಡುವ ಎಂದರು. ಕಣ್ಣಿಗೆ ಬಿಸಿಲು ಹೊಡೆಯುತ್ತದೆ ಎಂದೆ. ಬೋರ್ಡು ನೆರಳಲ್ಲಿ ಉಂಟಲ್ಲ ಮಾರಾಯ ಎಂದು ಅವರು ನಕ್ಕರು. ಅಕ್ಷಿತಾ ಓದಿದರು. ಇದು ರೋಮನ್ನರ ಕಾಲದ ಸಾರ್ವಜನಿಕ ಹಮಾಮು, ಅಂದರೆ ಊರಿನವರೆಲ್ಲ ಬಂದು ಸ್ನಾನ ಮಾಡುವ ಮನೆ ಎಂದು ಬರೆದಿತ್ತಂತೆ. ತಣ್ಣೀರಿನ ಕೋಣೆ, ಬೆಚ್ಚಗಿನ ಕೋಣೆ, ಬಿಸಿ ಕೋಣೆ ಒಂದರ ಹಿಂದೆ ಒಂದು ಇವೆ. ಮಾಡು ಇಲ್ಲ. ಗೋಡೆ ಕೆಲವು ಕಡೆ ಸೊಂಟದ ಎತ್ತರ, ಕೆಲವು ಕಡೆ ಮೊಣಕಾಲಿನ ಎತ್ತರ. ಬಿಸಿ ಕೋಣೆಯ ನೆಲ ಒಡೆದುಹೋಗಿ ಅಡಿಯಲ್ಲಿ ಇಟ್ಟಿಗೆ ಬಿಲ್ಲೆಗಳನ್ನು ಒಂದರ ಮೇಲೊಂದು ಇಟ್ಟ ಗಿಡ್ಡ ಕಂಬಗಳು ಕಾಣುತ್ತವೆ. ಹೊರಗಿನಿಂದ ಬೆಂಕಿ ಹಾಕಿದರೆ ಅದರ ಕಾವು ಈ ಕಂಬಗಳ ಸಂದಿನಲ್ಲಿ ಹರಿದು ನೆಲ ಬಿಸಿಯಾಗುತ್ತಿತ್ತು ಎಂದು ಅಕ್ಷಿತಾ ವಿವರಿಸಿದರು.

ನನಗೆ ಒಂದೇ ಕಡೆ ನಿಲ್ಲುವ ಅಭ್ಯಾಸವಿಲ್ಲ. ನಾನು ಎಲ್ಲ ಕೋಣೆಗಳಿಗೂ ಹೋಗಿ ಬಂದೆ. ಬಾಗಿಲಿನ ಕಲ್ಲೊಂದು ಕಾಲು ತಾಗಿ ತಾಗಿ ಸವೆದು ನಡುವೆ ತಗ್ಗಾಗಿದೆ. ಆ ತಗ್ಗಿನಲ್ಲಿ ನಾನೂ ಕಾಲಿಟ್ಟು ದಾಟಿದೆ. ಅಲ್ಲಿ ಗಾಳಿ ಬಿಟ್ಟರೆ ಸದ್ದಿರಲಿಲ್ಲ.

ಬೇಲಿಯ ಹೊರಗೆ ಗಾಡಿಯ ನೆರಳಿನಲ್ಲಿ ಗ್ಯಾಸ್ ಸ್ಟವ್ ಇಟ್ಟು ಖದೀಜತ್ ಅವರು ನೀರು ದೋಸೆ ಹೊಯ್ದರು. ಕೋಳಿ ಸಾರು ಮನೆಯಿಂದ ತಂದದ್ದು. ಊಟ ಮುಗಿದಾಗ 4 ಗಂಟೆ. ದೋಸೆ ಹಿಟ್ಟು ಅರ್ಧ ಬಾಟಲಿ ಉಳಿದಿತ್ತು.

ಊಟವಾದ ಮೇಲೆ ಮೋಹಿನಿಯವರು ಇನ್ನೊಮ್ಮೆ ಒಳಗೆ ಹೋಗುವ, ನೀನೂ ಬಾ ಮಗಾ ಎಂದು ನನ್ನನ್ನು ಕರೆದರು. ಅವರು ಕಟ್ಟಡದ ಹಿಂಬದಿಗೆ ಹೋದರು. ಅಲ್ಲಿ ಗೋಡೆಯ ಬುಡದಲ್ಲಿ ಕಮಾನಿನಾಕಾರದ ಒಂದು ಬಾಯಿ ಇದೆ, ಸುಮಾರು ಎರಡು ಅಡಿ ಎತ್ತರ. ಅವರು ಬಗ್ಗಿ ಒಳಗೆ ಬೆರಳಾಡಿಸಿ ಹೊರಗೆ ತೆಗೆದು ನೋಡಿದರು. ಮಸಿ ಇನ್ನೂ ಉಂಟು ಎಂದರು. ಬಚ್ಚಲಿನ ಒಲೆ ಅಲ್ಲವಾ ಇದು, ನಮ್ಮಲ್ಲಿಯ ಹಾಗೆಯೇ ಹೊರಗಿನಿಂದ ಸೌದೆ ಹಾಕುವುದು ಎಂದರು. ಸುತ್ತ ನೋಡಿ, ಮರ ಒಂದೂ ಇಲ್ಲ, ಇವರು ಸೌದೆಗೆ ಎಂತ ಮಾಡುತ್ತಿದ್ದರೋ ಎಂದರು. ನಾನು ನಕ್ಕೆ.

ಆ ದಿನ ನಮ್ಮಲ್ಲಿ ನೀರು ತುಂಬುವ ಹಬ್ಬ. ದೀಪಾವಳಿಯ ಎಣ್ಣೆಸ್ನಾನದ ಹಿಂದಿನ ಸಂಜೆ ಬಚ್ಚಲಿನ ಹಂಡೆಯನ್ನು ತಿಕ್ಕಿ ತೊಳೆದು, ಅಕ್ಕಿ ಹಿಟ್ಟಿನಲ್ಲೋ ಸುಣ್ಣದಲ್ಲೋ ಗೆರೆ ಎಳೆದು, ಹಿಂಡಲೆ ಎಂಬ ಕಹಿಕಾಯಿಯ ಬಳ್ಳಿ ಸುತ್ತಿ, ಹೊಸ ನೀರು ತುಂಬಿಸುತ್ತಾರೆ. ಕರಾವಳಿಯ ಮನೆಗಳಲ್ಲಿ ಇದು ವರ್ಷವೂ ಇದೆ. ಅಕ್ಷಿತಾರ ಫ್ಲ್ಯಾಟಿನಲ್ಲಿ ಇರುವುದು ಗೀಸರ್. ಮೋಹಿನಿಯವರು, ಬೆಳಿಗ್ಗೆ ಅದಕ್ಕೇ ಗೆರೆ ಹಾಕಲು ಹೋದೆ, ಬಿಳಿ ಡಬ್ಬಿಗೆ ಬಿಳಿ ಹಿಟ್ಟು, ಹಾಕಿದ್ದು ನನಗೇ ಕಾಣಲಿಲ್ಲ ಎಂದು ಹೇಳಿದರು. ಊರಲ್ಲಿ ತಮ್ಮ ಅತ್ತೆಯ ಕಾಲದ ತಾಮ್ರದ ಹಂಡೆ ಈ ಸಲ ಖಾಲಿ ಉಂಟು ಎಂದೂ ಹೇಳಿದರು. ಆಮೇಲೆ ಹಿಟ್ಟಿನ ಬಾಟಲಿ ತರಲು ಹೇಳಿದರು.

ನಾನು ಗಾಡಿಯಿಂದ ತಂದೆ. ಬಾಟಲಿ ಹಿಡಿದುಕೊಂಡದ್ದು ನಾನು. ಅವರು ಎರಡು ಬೆರಳು ಅದ್ದಿ ಒಲೆಬಾಯಿಯ ಸುತ್ತ ಕಲ್ಲಿನ ಮೇಲೆ ಗೆರೆಗಳನ್ನು ಎಳೆದರು, ಗೆರೆಗಳ ಕೆಳಗೆ ಚುಕ್ಕೆ ಇಟ್ಟರು. ಬೇಲಿಯ ಬುಡದ ಮರಳಿನಲ್ಲಿ ಹಬ್ಬಿದ್ದ, ಹಿಂಡಲೆಯಂತೆಯೇ ಕಾಣುವ ಕಹಿಕಾಯಿಯ ಬಳ್ಳಿಯನ್ನು ಕಿತ್ತು ತಂದು ಕಮಾನಿನ ಮೇಲೆ ಇಳಿಬಿಟ್ಟರು. ಕುಡಿಯುವ ನೀರನ್ನು ಒಲೆಯ ಮುಂದೆ ಸ್ವಲ್ಪ ಹೊಯ್ದರು. ನಂತರ ಒಮ್ಮೆ ಕೈ ಮುಗಿದರು. ಇದನ್ನು ಬರೆಯುವುದು ಬೇಡ, ಸುಮ್ಮನೆ ಚಂದಕ್ಕೆ ಗೆರೆ ಹಾಕಿದ್ದು ಎಂದರೆ ಸಾಕು ಎಂದು ಅಕ್ಷಿತಾ ನನ್ನನ್ನು ಕೇಳಿಕೊಂಡಿದ್ದಾರೆ. ಕೈ ಮುಗಿದದ್ದನ್ನು ನಾನು ಕಂಡಿದ್ದೇನೆ. ಅದರಲ್ಲಿ ಕೆಟ್ಟ ಉದ್ದೇಶ ಕಾಣಲಿಲ್ಲ. ಕಲ್ಲು ಮುಟ್ಟಬಾರದೆಂದು ಗೊತ್ತಿದ್ದೂ ನಾನು ಅವರನ್ನು ತಡೆಯಲಿಲ್ಲ. ನೋಡಲು ಚೆನ್ನಾಗಿತ್ತು, ಅದಕ್ಕೆ ತಡೆಯಲಿಲ್ಲ.

4.50ಕ್ಕೆ ಹೆಂಗಸರು ಮೂವರೂ ಗಾಡಿಯಲ್ಲಿ ಕುಳಿತರು. ನನ್ನನ್ನು ಹುಡುಕುತ್ತ ಹಿಂಬದಿಗೆ ಬಂದ ಕಲಂದರಾಕ ಗೆರೆಗಳನ್ನು ಕಂಡು, ಯಾರು ಮಾಡಿದ್ದು ಎಂದರು. ಹೇಳಿದೆ. ನಿನಗೆ ಮಂಡೆ ಸಮ ಉಂಟಾ ಎಂದು ಬೈದು, ಬಳ್ಳಿಯನ್ನು ಎಳೆದು ಬಿಸಾಡಿ, ಹೆಗಲ ವಸ್ತ್ರ ಒದ್ದೆ ಮಾಡಿ ಉಜ್ಜತೊಡಗಿದರು. ಹಿಟ್ಟು ಬಿಸಿಲಿಗೆ ಒಣಗಿ ಕಲ್ಲಿಗೆ ಹಿಡಿದಿತ್ತು. ಅರ್ಧ ಹೋಯಿತು, ಅರ್ಧ ಉಳಿಯಿತು. ಆಗ ಕಾವಲುಗಾರರು ಬಂದರು. ಪೇಂಟ್ ಹಚ್ಚಿದ್ದೀರಿ ಎಂದು ಅವರು ಗದರಿದರು. ಕಲಂದರಾಕ ತಾನೇ ಹಿಟ್ಟಿನ ಕೈ ಒರೆಸಿದ್ದು ಎಂದರು. ಕೈ ಒರೆಸಿದರೆ ಸಾಲಾಗಿ ಚುಕ್ಕೆ ಬೀಳುತ್ತದೆಯೇ, ಬಳ್ಳಿ ಏಕೆ ಎಂದು ಕಾವಲುಗಾರರು ಕೇಳಿದರು. ಆಮೇಲೆ ಪೊಲೀಸರಿಗೆ ಫೋನ್ ಮಾಡಿದರು. ಮಾಟ ಮಾಡಿದ್ದಾನೆ ಎಂದು ಹೇಳುತ್ತಿದ್ದಾರೆ ಎಂದು ಕಲಂದರಾಕನೇ ನನಗೆ ತುಳುವಿನಲ್ಲಿ ತಿಳಿಸಿದರು. ಆ ಅಮ್ಮ ಮಂಗಳವಾರ ವಿಮಾನ ಹತ್ತಬೇಕು, ಏನೂ ಆಗದ ಹಾಗೆ ಕರೆದುಕೊಂಡು ಬರುತ್ತೇನೆಂದು ಅವರ ಮಗಳಿಗೆ ಮಾತು ಕೊಟ್ಟಿದ್ದೇನೆ, ನೀನು ಬಾಯಿ ಮುಚ್ಚಿ ಗಾಡಿ ಬಿಡು, ಯಲ್ಲಾ, ಬೇಗ ಹೊರಡು ಎಂದರು.

ಅವರನ್ನು ಅಲ್ಲೇ ಬಿಟ್ಟು ನಾನು ಬಾಯಿ ಮುಚ್ಚಿ ಗಾಡಿ ಬಿಟ್ಟೆ. ಕಲಂದರಿಗೆ ಕಾವಲುಗಾರರ ಹತ್ತಿರ ಏನೋ ಕೆಲಸ ಉಂಟಂತೆ ಎಂದು ಖದೀಜತ್ ಅವರು ಮೋಹಿನಿಯವರಿಗೆ ಹೇಳಿದರು. ಪೊಲೀಸರು ಅವರನ್ನು ಠಾಣೆಗೆ ಕರೆದೊಯ್ದದ್ದು ರಾತ್ರಿ ಫೋನಿನಲ್ಲಿ ತಿಳಿದು, ಅದನ್ನು ಅಕ್ಷಿತಾರಿಗೆ ಮಾತ್ರ ತಿಳಿಸಿದರು.

ಇಂದು ದಿನಾಂಕ 12.11.2023 ಬೆಳಿಗ್ಗೆ 6.30ಕ್ಕೆ ಅಕ್ಷಿತಾರಿಗೆ ಫೋನ್ ಮಾಡಿ ನಾನು ಠಾಣೆಗೆ ಹೋಗುತ್ತೇನೆ ಎಂದೆ. ಅಮ್ಮ ಈಗಷ್ಟೇ ಎಣ್ಣೆಸ್ನಾನ ಮಾಡಿ ಕುಳಿತಿದ್ದಾರೆ, ಅವರಿಗೆ ಏನೂ ಗೊತ್ತಿಲ್ಲ, ನೀನು ಹೇಳಿದರೆ ಪಾಸ್‌ಪೋರ್ಟ್ ಹಿಡಿದಿಟ್ಟರೆ ಏನು ಮಾಡಲಿ ಎಂದು ಅವರು ಅತ್ತರು. ಕಲಂದರಾಕನನ್ನು ಮಾಟಗಾರ ಎನ್ನುತ್ತಿದ್ದಾರೆ ಅಕ್ಕ ಎಂದೆ. ಅವರು ಫೋನ್ ಇಟ್ಟರು. ಖದೀಜತ್ ಅವರಿಗೂ ಹೇಳಿದೆ. ಹೋಗು ಎನ್ನಲಿಲ್ಲ, ಬೇಡ ಎನ್ನಲೂ ಇಲ್ಲ. ಅಂಗಡಿ ಯಾರು ತೆರೆಯುವುದು ಎಂದು ಮಾತ್ರ ಕೇಳಿದರು.

9 ಗಂಟೆಗೆ ನಾನು ಈ ಠಾಣೆಗೆ ಬಂದು ನಡೆದದ್ದನ್ನು ಅಬ್ದುಲ್ ಖಾದಿರ್ ಅವರ ಮೂಲಕ ಅಧಿಕಾರಿಗಳಿಗೆ ತಿಳಿಸಿದೆ. ನಿನ್ನೆ ಏಕೆ ಹೇಳಲಿಲ್ಲ ಎಂದು ಕೇಳಿದರು. ಹೇಳಬೇಡ ಎಂದಿದ್ದರು, ಹೇಳಲಿಲ್ಲ ಎಂದೆ. ಮೋಹಿನಿಯವರನ್ನು ಕರೆಸಿದರು. 11 ಗಂಟೆಗೆ ಅವರು ಮಗಳ ಜೊತೆ ಬಂದರು, ಅವರ ಪಾಸ್‌ಪೋರ್ಟನ್ನು ಅಧಿಕಾರಿಗಳು ತೆಗೆದಿಟ್ಟುಕೊಂಡರು. ಮೋಹಿನಿಯವರು ತುಳುವಿನಲ್ಲಿ ಹೇಳಿದ್ದನ್ನು ಅಬ್ದುಲ್ ಖಾದಿರ್ ಅರಬ್ಬಿಯಲ್ಲಿ ಹೇಳಿದರು. ಕಲಂದರ್ ರಾತ್ರಿಯಿಡೀ ಇಲ್ಲಿದ್ದರೆಂದು ಮೋಹಿನಿಯವರಿಗೆ ಗೊತ್ತಾದದ್ದು ಆಗ. ಅವರು ಮಗಳ ಕಡೆ ತಿರುಗಿ, ನನ್ನನ್ನು ಸ್ನಾನ ಮಾಡಿಸಿ ಪಾಯಸ ಕುಡಿಸಿ ಕೂರಿಸಿದಿಯಲ್ಲ ಎಂದರು.

ಏನು ಗೆರೆ ಎಂದು ಅಧಿಕಾರಿಗಳು ಕೇಳಿದಾಗ ಮೋಹಿನಿಯವರು ಚಹಾದಲ್ಲಿ ಬೆರಳು ಅದ್ದಿ ಮೇಜಿನ ಗಾಜಿನ ಮೇಲೆ ಎಳೆದು ತೋರಿಸಿದರು. ಇದು ಯಾರಿಗೆ ತಗುಲಲಿ ಎಂದು ಹಾಕುವುದು ಎಂದು ಅಧಿಕಾರಿಗಳು ಕೇಳಿದರು. ಯಾರಿಗೂ ಅಲ್ಲ, ವರ್ಷವಿಡೀ ಬಿಸಿನೀರು ಕೊಟ್ಟ ಹಂಡೆಗೆ ಎಂದು ಅವರು ಹೇಳಿದರು. ಅಧಿಕಾರಿಗಳು ಇನ್ನೊಂದು ಚಹಾ ತರಿಸಿ ಅವರ ಮುಂದೆ ಇಟ್ಟರು, ಇದನ್ನು ಕುಡಿಯಲು ಹೇಳಿ ಎಂದರಂತೆ.

ಮಧ್ಯಾಹ್ನ 12 ಗಂಟೆಗೆ ನಮ್ಮೆಲ್ಲರನ್ನೂ ಸ್ಥಳಕ್ಕೆ ಕರೆದೊಯ್ದರು. ಪುರಾತತ್ವದ ಕಡೆಯಿಂದ ಒಬ್ಬ ಹೆಣ್ಣುಮಗಳು ಬಂದಿದ್ದರು. ಅವರು ಉಳಿದ ಗೆರೆಗಳ ಫೋಟೋ ತೆಗೆದು, ಕೆರೆದು ನೋಡಿ, ಅಕ್ಕಿಯೇ ಹೌದು ಎಂದರು. ಬರೀ ನೀರಿನಿಂದ ತೊಳೆಯಬೇಕು, ಉಜ್ಜಬಾರದು, ನಿನ್ನೆ ಉಜ್ಜಿದ್ದೇ ತಪ್ಪು ಎಂದು ಕಲಂದರಾಕನನ್ನು ನೋಡಿ ಹೇಳಿದರು. ಮೋಹಿನಿಯವರು ಕ್ಯಾನಿನಿಂದ ನೀರು ಹೊಯ್ದು ಅಂಗೈಯಲ್ಲಿ ತೊಳೆದರು. ಅವಸರ ಮಾಡಲಿಲ್ಲ. ಕಲ್ಲಿನಲ್ಲಿ ಗುರುತು ಉಳಿಯಲಿಲ್ಲ. ಕಲಂದರಾಕ ಉಜ್ಜಿದ ಕಡೆ ಮಾತ್ರ ಕಲ್ಲು ಸ್ವಲ್ಪ ಬೆಳ್ಳಗೆ ಕಾಣುತ್ತದೆ, ಅದನ್ನೂ ನಾನು ನೋಡಿದ್ದೇನೆ.

ಇನ್ನು ಹೀಗೆ ಮಾಡುವುದಿಲ್ಲ ಎಂದು ಬರೆಸಿಕೊಂಡು ಮೋಹಿನಿಯವರ ಪಾಸ್‌ಪೋರ್ಟನ್ನು ವಾಪಸ್ ಕೊಟ್ಟರು. ಪೊಲೀಸರಿಗೆ ಸುಳ್ಳು ಹೇಳಿದ್ದಕ್ಕೆ ಕಲಂದರಾಕನಿಗೆ ಎಚ್ಚರಿಕೆ ಕೊಟ್ಟು 4.15ಕ್ಕೆ ಬಿಟ್ಟರು. ಮೋಹಿನಿಯವರು ಅವರ ಎರಡೂ ಕೈ ಹಿಡಿದುಕೊಂಡರು. ನೀವು ಊರಿಗೆ ಹೋಗಿ ಹಂಡೆ ತುಂಬಿಸಿ, ಇಲ್ಲಿ ಎಂತ ಸಹ ಆಗಲಿಲ್ಲ ಎಂದು ಕಲಂದರಾಕ ಅವರಿಗೆ ಹೇಳಿದರು.

ಅವರನ್ನು ಕಳುಹಿಸಿದ ಮೇಲೆ ಠಾಣೆಯ ಹೊರಗೆ ನನ್ನನ್ನು ಕರೆದರು. ಮಂಗಳವಾರ ಅವರು ವಿಮಾನ ಹತ್ತಿದ ಮೇಲೆ ನಾನೇ ನಿಜ ಹೇಳುತ್ತಿದ್ದೆ, ಎರಡು ದಿನ ಒಳಗಿದ್ದರೆ ನಾನು ಸಾಯುತ್ತಿರಲಿಲ್ಲ, ಆ ಪ್ರಾಯದವರನ್ನು ಠಾಣೆಗೆ ತಂದು ಕೂರಿಸಿದಿಯಲ್ಲ ಎಂದರು. ನಿಮ್ಮನ್ನು ಮಾಟಗಾರ ಎಂದರು ಎಂದೆ. ನನ್ನನ್ನು ತಾನೇ, ನಿನ್ನನ್ನಲ್ಲವಲ್ಲ ಎಂದರು. ನಿನಗೆ ಸತ್ಯ ಹೇಳ್ಲಿಕ್ಕೆ ಬರ್ತದೆ, ಕಾಯ್ಲಿಕ್ಕೆ ಬರುವುದಿಲ್ಲ, ಅಂಥವನ ಜೊತೆ ಅಂಗಡಿ ನಡೆಸ್ಲಿಕ್ಕೆ ನನ್ನಿಂದ ಆಗುವುದಿಲ್ಲ, ಗಾಡಿಯ ಕೀ ಖದೀಜತ್‌ಳ ಹತ್ತಿರ ಕೊಡು ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಎರಡು ದಿನದ ಅವರ ಯೋಚನೆ ನನಗೆ ಮೊದಲು ತಿಳಿದಿರಲಿಲ್ಲ. ತಿಳಿದಿದ್ದರೂ ನಾನು ಕಾಯುತ್ತಿದ್ದೆ ಎಂದು ಬರೆಯಲಾರೆ.

4.50ಕ್ಕೆ ಕೀ ಕೊಟ್ಟೆ. ಖದೀಜತ್ ಅವರು ತಟ್ಟೆಯಲ್ಲಿ ಅನ್ನ ಹಾಕಿದರು, ಉಂಡೆ. ದೂರದ ಅಲ್ ಖರ್ಜ್ ಊರಿನಲ್ಲಿ ಹಾಲಿನ ಲಾರಿ ಓಡಿಸುವ ನನ್ನ ಪರಿಚಯದ ನೌಶಾದ್ ತನ್ನ ಕಂಪನಿಗೆ ನನ್ನನ್ನು ಬಹಳ ದಿನಗಳಿಂದ ಕರೆಯುತ್ತಿದ್ದ. ನನ್ನ ವೀಸಾವನ್ನು ಆ ಕಂಪನಿಯ ಹೆಸರಿಗೆ ಬದಲಾಯಿಸಿ ಕೊಡಲು ಕಫೀಲ್, ಅಂದರೆ ನನ್ನ ವೀಸಾದ ಹೊಣೆ ಹೊತ್ತ ಇಲ್ಲಿನವರು, ಹೋದ ತಿಂಗಳೇ ಒಪ್ಪಿದ್ದರು, ಕಾಗದಪತ್ರವೂ ಆಗಿತ್ತು. ಕಲಂದರಾಕನ ಅಂಗಡಿ ಬಿಡಲು ಮನಸ್ಸಿಲ್ಲದೆ ನಾನೇ ಹೋಗದೆ ಉಳಿದಿದ್ದೆ. ಫೈಲಿಗೆ ಬರಹದಲ್ಲಿ ಹೇಳಿಕೆ ಬೇಕೆಂದು ತಿಳಿಸಿದ್ದರಿಂದ 6 ಗಂಟೆಗೆ ಪುನಃ ಇಲ್ಲಿಗೆ ಬಂದು ಇದನ್ನು ಬರೆದಿದ್ದೇನೆ.

ಕಣ್ಣಾರೆ ಕಂಡದ್ದನ್ನು ಕಂಡದ್ದೆಂದೂ, ಬೇರೆಯವರಿಂದ ತಿಳಿದದ್ದನ್ನು ಹಾಗೆಂದೂ ಬರೆದಿದ್ದೇನೆ. ಯಾರೂ ಹೇಳಿಕೊಟ್ಟು ಬರೆಸಿದ್ದಲ್ಲ. ಪುನಃ ಓದಿ ನೋಡಿದೆ, ಎಲ್ಲವೂ ನಿಜ.

ಸ್ಥಳ: ತಬೂಕ್
ದಿನಾಂಕ: 12.11.2023
ಸಹಿ: ತುಷಾರ್ ಮೆಂಡನ್

ವಿಚಾರಣೆಗೆ ಬೇಕಾದರೆ ನನ್ನ ಫೋನ್ ನಂಬರ್ ಅದೇ ಇರುತ್ತದೆ. ನಾಳೆ ಬೆಳಿಗ್ಗೆ 8 ಗಂಟೆಯ ಬಸ್ಸಿನಲ್ಲಿ ನಾನು ಅಲ್ ಖರ್ಜಿಗೆ ಹೊರಡುತ್ತೇನೆ.