ಗಂಗಮ್ಮನಿಗೆ ಕೊಟ್ಟ ಗೂಡು

ಹುತ್ತೂರಿನ ಅರಳಿಕಟ್ಟೆಯ ಮೇಲೆ ಕೂತು ಪೆದ್ದಪ್ಪ ಕೋಲಾರಕ್ಕೆ ಹೋಗುವ, ಇದ್ದಿಲು ಉರಿಸಿ ಓಡುವ ಬಸ್ಸಿಗೆ ಕಾಯುತ್ತಿದ್ದ. ಪಕ್ಕದಲ್ಲಿ ಓರಗಿತ್ತಿಯರಾದ ಕದಿರಮ್ಮ, ಬಚ್ಚಮ್ಮ ರೇಷ್ಮೆಗೂಡಿನ ಮಂಕರಿಗಳನ್ನು ಇಳಿಸಿಕೊಂಡಿದ್ದರು. ಬಚ್ಚಮ್ಮನ ಗೂಡು ದಪ್ಪಗೆ, ಗಟ್ಟಿಯಾಗಿತ್ತು. ಹಿರಿಯಳಾದ ಕದಿರಮ್ಮನ ಕಣ್ಣು ಅದನ್ನು ಬಿಟ್ಟು ಕದಲುತ್ತಿರಲಿಲ್ಲ. ಅವಳು ಆಡಿದ ಮಾತು ಪೆದ್ದಪ್ಪನ ಕಿವಿಗೂ ಬಿತ್ತು.

“ಒಂದೇ ತೋಟದ ಸೊಪ್ಪು ಹಾಕ್ತೀವಿ. ಊರ ದೇವ್ರು ಗಂಗಮ್ಮನ ಕಣ್ಣು ಮಾತ್ರ ನಿನ್ ಮನೆ ಮೇಲೆ.”

“ಹಂಗಲ್ಲಕ್ಕ. ದಪ್ಪನೇ ಗೂಡು ಬಿತ್ತನೆಗೆ, ಚಿಟ್ಟೆ ಬಂದು ಮೊಟ್ಟೆ ಇಡ್ಲಿ ಅಂತ ಇಟ್ಕೋತೀನಿ, ಬೆಳೆಬೆಳೆಗೂ ತಳಿ ಬದಲಾಗ್ತದೆ. ನಮ್ ಮುನಿವೆಂಕಟ ಬೆಂಗಳೂರು ಕಾಲೇಜಲ್ಲಿ ಓದ್ಕೊಂಡು ಬಂದು ಹೇಳ್ದ. ಜೀವ ಅನ್ನೋದೆಲ್ಲಾ ಯುಗಯುಗದಿಂದ ಬದಲಾಗ್ತಾನೇ ಬಂದದಂತೆ. ಮನುಷ್ಯನೂ ಕೋತಿಯಂಥಾ ಪ್ರಾಣಿಯಿಂದ ಬಂದೋನಂತೆ.”

“ಹಂಗಾದ್ರೆ ದೇವ್ರಿಗೆ ಕೈಮುಗಿಯೋದು ಬಿಟ್ನಾ ನಿನ್ ಮಗ?” ಕದಿರಮ್ಮನ ದನಿಯಲ್ಲಿ ಆಸೆಯಿತ್ತು.

“ಎಲ್ಲಿ ಬಿಟ್ಟ? ನಾಮ ಇಕ್ಕೊಂಡೇ ಪುಸ್ತಕ ತೆಗೀತಾನೆ. ಹಿಂಗೆ ನಿಧಾನಕ್ಕೆ ತಿದ್ದೋದೇ ದೇವ್ರ ಕೆಲಸ ಅಂತಾನೆ.”

“ಮತ್ತೆ ಗಂಗಮ್ಮಂಗೆ ಏನ್ ಕೊಡ್ತೀಯೇ?”

“ಬಿತ್ತನೆಗೆ ತೆಗೆದು ಉಳಿದಿದ್ರಲ್ಲಿ ಒಂದು ಹಿಡಿ. ಅವಳೇನೂ ಮುನಿಸ್ಕೊಂಡಿಲ್ಲ.”

ಕದಿರಮ್ಮ ತನ್ನ ಮಂಕರಿಗೆ ಕೈಹಾಕಿ ಒಂದು ಸಣ್ಣ ಗೂಡನ್ನು ಅಮುಕಿ ನೋಡಿದಳು.

“ನಾನು ದಪ್ಪನೇವೆಲ್ಲಾ ಆರಿಸಿ ಅವಳ ಮಡಿಲಿಗೆ ಹಾಕ್ದೆ. ಸೊರಗಿದ್ದನ್ನ ಬಿತ್ತನೆಗೆ ಇಟ್ಕೊಂಡೆ. ಇಷ್ಟು ವರ್ಷ.”

“ಈ ಸಲ ನನ್ ಬಿತ್ತನೆ ತಗೊಳ್ಳಕ್ಕ.”

ಬಸ್ಸು ಹೊಗೆ ಉಗುಳುತ್ತ ಬಂದು ನಿಂತಿತು. ಕದಿರಮ್ಮ ಮಂಕರಿಯನ್ನು ಸೊಂಟಕ್ಕೇರಿಸಿಕೊಂಡು ಎದ್ದಳು.

“ಬ್ಯಾಡ. ನಿನ್ ಬೆಳೆ ಗಂಗಮ್ಮ ಕೊಟ್ಟಿದ್ದು ಅಂದ್ಕೊಂಡು ಹೆಂಗೋ ತಡ್ಕೊಂಡಿದ್ದೆ ಕಣೇ. ನೀನೇ ಆರಿಸಿ ಬೆಳೆಸ್ಕೊಂಡಿದ್ದು ಅಂದ್ರೆ ಹೆಂಗೆ ತಡ್ಕೊಳ್ಳಲಿ?”