ಪ್ರಧಾನ ಸಂಖ್ಯೆ

ದಿಲ್‌ಸುಖ್‌ನಗರದ ಬಸ್ ಸ್ಟಾಪಿನಲ್ಲಿ ಕೋಚಿಂಗ್ ಬ್ಯಾಗು ಹೊತ್ತ ಹುಡುಗಿಯೊಬ್ಬಳು ತನ್ನ ಅಕ್ಕನ ಮೇಲೆ ರೇಗುತ್ತಿದ್ದಳು.

“ನಾಳಿಂದ ಕ್ಲಾಸಿಗೆ ಹೋಗಂಗಿಲ್ಲ ಅಂದ್ರ ಹೋಗಂಗಿಲ್ಲ!”

“ಏನಾತು ಅಂತಾದ್ರೂ ಹೇಳು, ಶಾಂಭವಿ.”

“ಸರ್ ಬೋರ್ಡ್ ಮ್ಯಾಲೆ ಒಂದು ಲಕ್ಷದ ಒಂದು ಬರದು, ಇದು ಪ್ರಧಾನ ಸಂಖ್ಯೆನಾ ಅಂತ ತೆಲುಗಿನ್ಯಾಗ ಕೇಳಿದ್ರು. ಹೌದ್ರಿ, ಭಾಳ ದೊಡ್ಡದೈತಿ ಅಂದೆ.”

“ಅದರಾಗೇನು ತಪ್ಪೈತಿ?”

“ತೆಲುಗಿನ್ಯಾಗ ಪ್ರಧಾನ ಅಂದ್ರ ನಮ್ಮ ಅವಿಭಾಜ್ಯ ಅಂತ! ಒಂದು ಮತ್ತ ಅದ ಸಂಖ್ಯೆ ಬಿಟ್ರ ಯಾವುದರಿಂದಲೂ ಭಾಗ ಆಗಬಾರದು. ಇಡೀ ಕ್ಲಾಸು ನಕ್ತು.”

“ಗೊತ್ತಿಲ್ಲ ಅನ್ನಬೇಕಿತ್ತು.”

“ಗೊತ್ತಿತ್ತಕ್ಕಾ! ಅದು ಹನ್ನೊಂದರಿಂದ ಭಾಗ ಆಗ್ತೈತಿ, ಒಂಬತ್ತು ಸಾವಿರದ ತೊಂಬತ್ತೊಂದು ಬರ್ತೈತಿ. ಕೇಳಿದ್ದು ತಿಳೀಲಿಲ್ಲ, ಅಷ್ಟ!”

“ಮತ್ತ ಎದ್ದು ಹೇಳಬೇಕಿಲ್ಲೇನು?”

“ಎದ್ದೆ. ಕನ್ನಡ ಮೀಡಿಯಂ ಅಮ್ಮಾಯಿ, ಕೂರ್ಚೋ ಅಂತ ಕೂಡಿಸಿಬಿಟ್ರು.”

ಅಷ್ಟರಲ್ಲಿ ಅವರ ಬಸ್ಸು ಬಂತು. ಅಕ್ಕ ಹತ್ತಲಿಲ್ಲ. ಅವಳ ಮುಖವೂ ಈಗ ಕೆಂಪಾಗಿತ್ತು.

“ಸರ್ ಇನ್ನೂ ಅಲ್ಲೇ ಅದಾರೇನು?”

“ಅದಾರ. ಮುಂದಿನ ಬ್ಯಾಚ್ ನಡದೈತಿ.”

“ನಡಿ ಹಂಗಾದ್ರ,” ತಂಗಿಯ ರಟ್ಟೆ ಹಿಡಿದು ಅಕ್ಕ ಬಂದ ದಾರಿಗೇ ತಿರುಗಿದಳು. “ಅದ ಬೋರ್ಡ್ ಮ್ಯಾಲೆ ಭಾಗಿಸಿ ತೋರಸು. ಯಾರು ಕೂಡು ಅಂದ್ರೂ, ಭಾಗಾಕಾರ ಮುಗಿಯೋತನಕ ಕೂಡಬ್ಯಾಡ.”